ಹೊಸ ಎಬಿಎಸ್ ಸೆನ್ಸರ್ ಹಾಕಿದರೂ ದೀಪ ಆರುತ್ತಿಲ್ಲ, ಮಲ್ಟಿಮೀಟರ್‌ನಲ್ಲಿ ಹಳೆಯದೂ ಹೊಸದೂ ಒಂದೇ ರೀಡಿಂಗ್

ಮುಂಗಾಲಿ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೊಂದೇ ತಲೆಯಲ್ಲಿ ಓಡುತ್ತಿದೆ, ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ನನ್ನದು ಒಂಬತ್ತು ವರ್ಷದ ಹ್ಯಾಚ್‌ಬ್ಯಾಕ್. ಒಂದು ಬೆಳಿಗ್ಗೆ ಹೊರಟು ಇನ್ನೂ ಎರಡನೇ ಗೇರಿನಲ್ಲಿದ್ದೆ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡಿತು. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ದೀಪ ಎಂದಿನಂತೆ ಮೂರು ಸೆಕೆಂಡ್ ಉರಿದು ಆರಿತು. ಸದ್ಯ ಸರಿಹೋಯಿತು ಅಂದುಕೊಂಡು ಹೊರಟೆ, ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಹತ್ತಿತು. ಅವತ್ತಿನಿಂದ ಪ್ರತಿ ಸಲವೂ ಹೀಗೇ. ಸ್ಕ್ಯಾನರ್ ಹಾಕಿದರೆ ಸಿ 0035 ಎಂಬ ಕೋಡ್ ಬಂತು. ಎಡ ಮುಂದಿನ ಗಾಲಿಯ ವೇಗದ ಸೆನ್ಸರ್.

ಕನೆಕ್ಟರ್ ಬಿಚ್ಚಿ ಸೆನ್ಸರಿನ ಎರಡು ಪಿನ್‌ಗಳ ನಡುವೆ ಓಂ ಅಳೆದೆ. 1000ದಿಂದ 2000 ಓಂ ಬರಬೇಕು ಅಂತ ನೋಡಿದ ಕಡೆಯೆಲ್ಲ ಹೇಳಿದ್ದರು. ನನಗೆ ಬಂದದ್ದು ಓಎಲ್, ಅಂದರೆ ಮೀಟರ್ ಅಳೆಯಲಾಗದಷ್ಟು ಹೆಚ್ಚು. ಪ್ರೋಬ್ ಅದಲು ಬದಲು ಮಾಡಿದರೆ 4 ಮೆಗಾ ಓಂ ಸುಮಾರು. ಸರಿ, ಸತ್ತಿದೆ ಅಂತ ಹೊಸದು ತರಿಸಿದೆ.

ಹಳೆಯದನ್ನು ಕೀಳುವುದಕ್ಕೇ ಒಂದು ಭಾನುವಾರ ಪೂರ್ತಿ ಹೋಯಿತು. ಬೋಲ್ಟ್ ಏನೋ ಬಂತು, ಆದರೆ ಸೆನ್ಸರಿನ ಮೈ ತುಕ್ಕಿನ ನಡುವೆ ಕಚ್ಚಿಕೊಂಡು ಅಲುಗಲೇ ಇಲ್ಲ. ಇಕ್ಕಳ ಹಾಕಿ ತಿರುಗಿಸಿದರೆ ತಲೆ ಮುರಿದು ಕೈಗೆ ಬಂತು, ಉಳಿದ ತುಂಡು ತೂತಿನಲ್ಲೇ. ಸಣ್ಣ ಡ್ರಿಲ್ ಬಿಟ್‌ನಲ್ಲಿ ಚೂರು ಚೂರೇ ಕೊರೆದು, ಪುಡಿ ಒಳಗೆ ಬೀಳದಂತೆ ಪ್ರತಿ ಸಲ ಒರೆಸಿ ತೆಗೆದೆ. ಹೊಸದನ್ನು ಕೂರಿಸಿ, ಕೋಡ್ ಅಳಿಸಿ ಹೊರಟೆ. ಇಪ್ಪತ್ತು ಹೆಜ್ಜೆ, ಮತ್ತೆ ಅದೇ ದೀಪ.

ಬಂದು ಹೊಸ ಸೆನ್ಸರನ್ನು ಅಳೆದರೆ ಒಂದು ಕಡೆ ಓಎಲ್, ಇನ್ನೊಂದು ಕಡೆ 4 ಮೆಗಾ ಓಂ! ಅನುಮಾನ ಬಂದು ಬಲ ಮುಂದಿನ ಗಾಲಿಯದನ್ನೂ ಬಿಚ್ಚಿ ಅಳೆದೆ. ಅದರ ಮೇಲೆ ಯಾವ ಕೋಡೂ ಇಲ್ಲ, ಆದರೂ ಅದೇ ರೀಡಿಂಗ್. ಹಾಗಾದರೆ ಮೂರೂ ಸತ್ತಿವೆಯೇ? ನಾನು ಅಳೆಯುತ್ತಿರುವುದೇ ತಪ್ಪೇ?

ನನ್ನ ಹತ್ತಿರ ಒಂದು ಸಾಧಾರಣ ಮಲ್ಟಿಮೀಟರ್, ಜಾಕ್, ಎರಡು ಸ್ಟ್ಯಾಂಡ್ ಇವೆ. ಆಸಿಲೋಸ್ಕೋಪ್ ಇಲ್ಲ. ಒದ್ದೆ ರಸ್ತೆಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಎಬಿಎಸ್ ಇಲ್ಲದೆ ಓಡಿಸಲು ನನಗೆ ಧೈರ್ಯವಿಲ್ಲ.

ಸ್ಪ್ಯಾನರ್ 10:

ನನ್ನ ಗಾಡಿಯ ಸೆನ್ಸರ್ 1,150 ಓಂ ತೋರಿಸುತ್ತದೆ, ನಾಲ್ಕೂ ಗಾಲಿಯಲ್ಲಿ ಹೆಚ್ಚು ಕಡಿಮೆ ಅಷ್ಟೇ. ಓಎಲ್ ಬಂದರೆ ಒಳಗೆ ಕಾಯಿಲ್ (ತಂತಿಯ ಸುರುಳಿ) ಕಟ್ ಆಗಿದೆ ಅಂತಲೇ ಅರ್ಥ. ನಿಮಗೆ ಬಂದ ಹೊಸ ಸೆನ್ಸರ್ ಡೂಪ್ಲಿಕೇಟ್ ಇರಬೇಕು. ವಾಪಸ್ ಕೊಟ್ಟು ಬೇರೆ ತರಿಸಿ.

ತಂತಿಕೆಲಸ:

ವಾಪಸ್ ಕೊಡಬೇಡಿ, ಸ್ವಲ್ಪ ತಡೆಯಿರಿ. ನಾನು ಹದಿನಾರು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸವನ್ನೇ ಮಾಡಿಕೊಂಡು ಬಂದವನು. ಈ ಒಂದು ತಪ್ಪು ಅಳತೆಯಿಂದ ಚೆನ್ನಾಗಿರುವ ಸೆನ್ಸರ್‌ಗಳು ಕಸದ ಬುಟ್ಟಿಗೆ ಹೋಗುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಮುಂಗಾಲಿ ಅವರೇ, ನಿಮ್ಮ ಮೂರೂ ಸೆನ್ಸರ್ ಒಂದೇ ರೀಡಿಂಗ್ ಕೊಟ್ಟಿವೆ, ಅದರಲ್ಲಿ ಒಂದು ನೀವೇ ಹೇಳುವಂತೆ ಕೆಲಸ ಮಾಡುತ್ತಿದೆ. ಅಲ್ಲಿಗೆ ಆ ರೀಡಿಂಗ್ ಒಳ್ಳೆಯದು ಕೆಟ್ಟದ್ದು ಯಾವುದನ್ನೂ ಹೇಳುವುದಿಲ್ಲ ಅಂತಾಯಿತು. ಬಲಗಡೆಯದನ್ನೂ ಅಳೆದು ನೋಡಿದಿರಲ್ಲ, ಅದು ಬಹಳ ಒಳ್ಳೆಯ ಕೆಲಸ.

ಗಾಲಿಯ ಸೆನ್ಸರ್‌ನಲ್ಲಿ ಎರಡು ಜಾತಿ. ಎರಡಕ್ಕೂ ಎರಡೇ ವೈರ್ ಇರುವುದರಿಂದ ಹೊರಗಿನಿಂದ ಗೊತ್ತಾಗುವುದಿಲ್ಲ. ಹಳೆಯ ಜಾತಿ ಪ್ಯಾಸಿವ್, ಸ್ಪ್ಯಾನರ್ 10 ಅವರ ಗಾಡಿಯಲ್ಲಿ ಇರುವಂಥದ್ದು. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿರುತ್ತಾರೆ. ಎದುರಿಗೆ ಕಬ್ಬಿಣದ ಹಲ್ಲಿನ ಉಂಗುರ ತಿರುಗಿದಾಗ ಅದು ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಬಾಷ್‌ನ ಎಬಿಎಸ್ ಬಂದ ಕಾಲದಿಂದಲೂ ಈ ಜಾತಿ ಇದೆ. ಇದರಲ್ಲಿ ಇರುವುದು ಬರೀ ತಂತಿ, ಆದ್ದರಿಂದ ಓಂ ಅಳೆದರೆ ಅರ್ಥವಿದೆ. ಗಾಲಿ ಬಹಳ ನಿಧಾನವಾಗಿ ತಿರುಗುವಾಗ ಇದರ ವೋಲ್ಟೇಜ್ ಎಣಿಸಲಾಗದಷ್ಟು ಸಣ್ಣದು, ಅದೊಂದು ಕೊರತೆ.

ಹೊಸ ಜಾತಿ ಆಕ್ಟಿವ್. ಒಳಗೆ ಕಾಯಿಲ್ ಇಲ್ಲ, ಅಯಸ್ಕಾಂತದ ಬಲವನ್ನು ಗುರುತಿಸುವ ಪುಟ್ಟ ಐಸಿ (ಎಲೆಕ್ಟ್ರಾನಿಕ್ ಚಿಪ್) ಇದೆ. ಎಬಿಎಸ್ ಯೂನಿಟ್ (ಎಬಿಎಸ್ ನಡೆಸುವ ಕಂಪ್ಯೂಟರ್) ಒಂದು ವೈರಿನಲ್ಲಿ ಸುಮಾರು 12 ವೋಲ್ಟ್ ಕಳಿಸುತ್ತದೆ, ಇನ್ನೊಂದರಲ್ಲಿ ಕರೆಂಟ್ ವಾಪಸ್ ಹೋಗುತ್ತದೆ. ಗಾಲಿಯ ಜೊತೆ ತಿರುಗುವ ಅಯಸ್ಕಾಂತದ ಉಂಗುರದಲ್ಲಿ ಎದುರಿಗೆ ಬಂದದ್ದು ಉತ್ತರ ಧ್ರುವವೋ ದಕ್ಷಿಣ ಧ್ರುವವೋ ನೋಡಿ ಸೆನ್ಸರ್ ತಾನು ಎಳೆಯುವ ಕರೆಂಟನ್ನು ಬದಲಾಯಿಸುತ್ತದೆ: ಒಂದಕ್ಕೆ ಸುಮಾರು 7 ಮಿಲಿಆಂಪಿಯರ್, ಇನ್ನೊಂದಕ್ಕೆ ಸುಮಾರು 14. ಏಳು, ಹದಿನಾಲ್ಕು, ಏಳು, ಹದಿನಾಲ್ಕು. ಈ ಏರಿಳಿತ ಎಣಿಸಿಯೇ ಯೂನಿಟ್ ವೇಗ ತಿಳಿಯುವುದು. ಗಾಲಿ ನಿಂತಿದ್ದರೂ ಎರಡರಲ್ಲಿ ಒಂದು ಕರೆಂಟ್ ಹರಿಯುತ್ತಲೇ ಇರಬೇಕು.

ನೀವು ಓಂ ಅಳೆದಾಗ ಮೀಟರ್ ತನ್ನ ಬ್ಯಾಟರಿಯಿಂದ ಚೂರು ಕರೆಂಟ್ ಕಳಿಸಿ ನೋಡಿತು. ಆ ಐಸಿ ಎಚ್ಚರವಾಗಲು ಅದು ಸಾಲದು. ಮಲಗಿದ್ದವರನ್ನು ಏಳಿಸದೆ ಹೆಸರು ಕೇಳಿದ ಹಾಗಾಯಿತು. ಬಂದ 4 ಮೆಗಾ ಓಂಗೆ ಯಾವ ಬೆಲೆಯೂ ಇಲ್ಲ. ಇನ್ನು ಮುಂದೆ ಆ ಸೆನ್ಸರಿಗೆ ಓಂ ಮೀಟರ್ ಹಿಡಿಯಲೇಬೇಡಿ, ಕೆಲವು ಐಸಿಗಳಿಗೆ ಅದರಿಂದ ಪೆಟ್ಟಾಗುವುದೂ ಉಂಟು.

ಇನ್ನು ನಿಮ್ಮ ಮಾತಿನಲ್ಲಿ ನನಗೆ ತುಂಬ ಮುಖ್ಯವಾಗಿ ಕಂಡದ್ದು ದೀಪದ ನಡವಳಿಕೆ. ಕೀ ಆನ್ ಮಾಡಿದ ಕೂಡಲೇ ಯೂನಿಟ್ ಪ್ರತಿ ಸೆನ್ಸರಿನ ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ವೈರ್ ಕಟ್ ಆಗಿದ್ದರೆ, ಶಾರ್ಟ್ ಆಗಿದ್ದರೆ ಗಾಡಿ ನಿಂತಲ್ಲೇ ಗೊತ್ತಾಗಿ ದೀಪ ಆರುವುದೇ ಇಲ್ಲ. ನಿಮ್ಮದು ಆರುತ್ತದೆ, ಗಾಡಿ ಉರುಳಿದ ಮೇಲೆ ಹತ್ತುತ್ತದೆ. ಅಂದರೆ ಸೆನ್ಸರಿಗೆ ಕರೆಂಟ್ ಹೋಗುತ್ತಿದೆ, ಬರುತ್ತಿದೆ. ಉಳಿದ ಮೂರು ಗಾಲಿ ತಿರುಗುತ್ತಿವೆ ಅಂತ ಗೊತ್ತಾದಾಗ ಎಡ ಮುಂದಿನದು ಮಾತ್ರ ನಿಂತೇ ಇದೆ ಅನ್ನುತ್ತಿದೆ. ಇದನ್ನು ಮೀಟರಿನಲ್ಲಿ ಕಣ್ಣಾರೆ ನೋಡೋಣ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮುಂದೂ ಹಿಂದೂ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್. ಎಡ ಮುಂದಿನ ಗಾಲಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಮೊದಲು ವೋಲ್ಟೇಜ್. ಸೆನ್ಸರ್ ಕನೆಕ್ಟರ್ ಬಿಚ್ಚಿ, ಗಾಡಿಯ ಕಡೆಯ ಎರಡು ಪಿನ್‌ಗಳ ನಡುವೆ ಡಿಸಿ ವೋಲ್ಟ್ ನೋಡಿ. ಕೀ ಆನ್ ಮಾಡಿದ ಮೊದಲ ಕೆಲವು ಸೆಕೆಂಡ್‌ಗಳಲ್ಲೇ ನೋಡಬೇಕು, ಏಕೆಂದರೆ ತೊಂದರೆ ಕಂಡ ಕೂಡಲೇ ಎಷ್ಟೋ ಯೂನಿಟ್‌ಗಳು ಆ ಸೆನ್ಸರಿಗೆ ಸಪ್ಲೈ ನಿಲ್ಲಿಸಿಬಿಡುತ್ತವೆ. ಬ್ಯಾಟರಿಯ ಹತ್ತಿರ ಹತ್ತಿರ ವೋಲ್ಟೇಜ್ ಬಂದರೆ ಆಕ್ಟಿವ್ ಜಾತಿ ಎಂಬುದೂ ಖಾತ್ರಿ, ವೈರೂ ಅಲ್ಲಿಯವರೆಗೆ ಬಂದಿದೆ.

ಆಮೇಲೆ ಕರೆಂಟ್. ಕೀ ಆಫ್ ಮಾಡಿ. ಎರಡು ವೈರ್‌ಗಳಲ್ಲಿ ಒಂದನ್ನು ಸಣ್ಣ ಜಂಪರ್ ವೈರಿನಿಂದ ನೇರ ಜೋಡಿಸಿ, ಇನ್ನೊಂದರ ನಡುವೆ ಮೀಟರ್ ಸೇರಿಸಿ. ಕೆಂಪು ಪ್ರೋಬ್ ಮಿಲಿಆಂಪಿಯರ್ ತೂತಿನಲ್ಲಿರಲಿ, ಡಯಲ್ ಡಿಸಿ ಮಿಲಿಆಂಪಿಯರ್‌ನಲ್ಲಿರಲಿ. ಕೀ ಆನ್ ಮಾಡಿ, ಗಾಲಿಯನ್ನು ಗಡಿಯಾರದ ಮುಳ್ಳಿನಷ್ಟು ನಿಧಾನಕ್ಕೆ ತಿರುಗಿಸಿ. ಗಾಲಿಯ ಬೇರಿಂಗಿನಲ್ಲಿರುವ ಆ ಅಯಸ್ಕಾಂತದ ಉಂಗುರದಲ್ಲಿ ಸಾಮಾನ್ಯವಾಗಿ 48 ಜೋಡಿ ಧ್ರುವಗಳಿರುತ್ತವೆ, ಅಂದರೆ ಗಾಲಿ 4 ಡಿಗ್ರಿಯೂ ಸರಿಯದಷ್ಟರಲ್ಲೇ ರೀಡಿಂಗ್ ಒಮ್ಮೆ ಬದಲಾಗುತ್ತದೆ. ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಾಯಿಸುವುದು. ಜೋರಾಗಿ ತಿರುಗಿಸಿದರೆ ಏಳಕ್ಕೂ ಹದಿನಾಲ್ಕಕ್ಕೂ ನಡುವೆ ಹತ್ತು ಚಿಲ್ಲರೆ ತೋರಿಸಿ ದಾರಿ ತಪ್ಪಿಸುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಇದೇ ಸೆನ್ಸರ್ ಸೆಕೆಂಡಿಗೆ ನಾನೂರಕ್ಕೂ ಹೆಚ್ಚು ಪಲ್ಸ್ ಕೊಡುತ್ತದೆ, ಅದನ್ನು ಈ ಮೀಟರ್ ಹಿಡಿಯಲಾರದು. ತಿರುಗುವ ದಿಕ್ಕನ್ನೂ ತಿಳಿಸುವ ಇನ್ನೂ ಹೊಸ ಸೆನ್ಸರ್‌ಗಳಲ್ಲಿ 28 ಮಿಲಿಆಂಪಿಯರ್ ಪಲ್ಸ್ ಕೂಡ ಕಾಣಬಹುದು, ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ. ಕರೆಂಟ್ ಅಳೆದು ಮುಗಿದ ಕೂಡಲೇ ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ಹಿಂದಿರುಗಿಸಿ. ಮರೆತು ಬ್ಯಾಟರಿಗೆ ಹಿಡಿದರೆ ಮೀಟರ್ ಒಳಗಿನ ಫ್ಯೂಸ್ ಹೋಗುತ್ತದೆ. ಹಾಗೇ ಪ್ರೋಬಿನ ಮೊನೆಯಿಂದ ವೈರಿನ ಸಿಪ್ಪೆ ಚುಚ್ಚಬೇಡಿ. ಗಾಲಿಯ ಹತ್ತಿರದ ವೈರಿಗೆ ಆ ಸೂಜಿ ತೂತು ಸಾಕು, ನೀರು ಇಳಿದು ಒಳಗಿನ ತಾಮ್ರ ಕೊಳೆಯುತ್ತದೆ.

ಇದೇ ಅಳತೆಯನ್ನು ಬಲಗಡೆಯೂ ಮಾಡಿ ಬರೆಯಿರಿ.

ಸ್ಪ್ಯಾನರ್ 10:

ಕ್ಷಮಿಸಿ, ನನಗೆ ಈ ಎರಡು ಜಾತಿಯ ವಿಷಯ ಗೊತ್ತಿರಲಿಲ್ಲ. ಹಾಗಾದರೆ ನನ್ನದೂ ಒಂದು ಕೇಳುತ್ತೇನೆ. ನನ್ನ ನಾಲ್ಕೂ ಸೆನ್ಸರ್ 1,150 ಓಂ ಹತ್ತಿರ ಇವೆ, ದೀಪವೂ ಹತ್ತುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ಮೆಲ್ಲಗೆ ನಿಲ್ಲಿಸುವಾಗ, ಇನ್ನೇನು ನಿಂತಿತು ಅನ್ನುವ ಹೊತ್ತಿಗೆ ಪೆಡಲ್ ಗರಗರ ಅಂತ ಕಾಲಿಗೆ ಒದೆಯುತ್ತದೆ, ಗಾಡಿ ಒಂದಡಿ ಮುಂದೆ ಜಾರಿದಂತಾಗುತ್ತದೆ. ಒಣ ರಸ್ತೆಯಲ್ಲೂ ಹೀಗೆ.

ತಂತಿಕೆಲಸ:

ಕ್ಷಮೆ ಏಕೆ, ನಿಮ್ಮ ಗಾಡಿಗೆ ನೀವು ಹೇಳಿದ್ದು ಸರಿಯೇ. 

ನಿಮ್ಮದರಲ್ಲಿ ಕಾಯಿಲ್ ಚೆನ್ನಾಗಿದೆ, ಆದರೆ ಕಾಯಿಲಿನ ಎದುರಿಗಿರುವ ಹಲ್ಲಿನ ಉಂಗುರ ಒಡೆದಿರುವ ಅನುಮಾನ ನನಗೆ. ಡ್ರೈವ್ ಶಾಫ್ಟ್ ಮೇಲೆ ಬಿಗಿಯಾಗಿ ಕೂರಿಸಿದ ಉಂಗುರದ ಕೆಳಗೆ ತುಕ್ಕು ಉಬ್ಬಿಕೊಂಡರೆ ಉಂಗುರ ಸೀಳುತ್ತದೆ. ಸೀಳಿದ ಕಡೆ ಎರಡು ಹಲ್ಲಿನ ನಡುವೆ ಜಾಗ ಹೆಚ್ಚಾಗುತ್ತದೆ. ನಿಧಾನ ವೇಗದಲ್ಲಿ ಅಲ್ಲಿ ಒಂದು ಪಲ್ಸ್ ತಡವಾದರೆ, ಗಾಲಿ ಲಾಕ್ ಆಯಿತು ಅಂದುಕೊಂಡು ಎಬಿಎಸ್ ಬ್ರೇಕ್ ಬಿಡಿಸುತ್ತದೆ. ಒಂದಡಿ ಜಾರುವುದು ಅದಕ್ಕೇ.

ಟಾರ್ಚ್ ಹಿಡಿದು, ಗಾಲಿ ತಿರುಗಿಸುತ್ತಾ ಉಂಗುರದ ಪ್ರತಿ ಹಲ್ಲನ್ನೂ ನೋಡಿ. ಕೂದಲೆಳೆಯಷ್ಟು ಬಿರುಕಾದರೂ ಸಾಕು. ಮೀಟರಿನಲ್ಲಿ ನೋಡಬೇಕಾದರೆ ಡಯಲ್ ಎಸಿ ವೋಲ್ಟ್‌ಗೆ ಇಡಿ, ಡಿಸಿಯಲ್ಲಿ ಇದಕ್ಕೆ ಸೊನ್ನೆ ಬರುತ್ತದೆ. ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿದರೆ ವೋಲ್ಟಿನ ದಶಾಂಶಗಳಲ್ಲಿ ರೀಡಿಂಗ್ ಬರುತ್ತದೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಎಡಕ್ಕೂ ಬಲಕ್ಕೂ ಹೋಲಿಸಿ ನೋಡುವುದು ಮುಖ್ಯ. ಒಂದು ಕಡೆ ಅರ್ಧಕ್ಕರ್ಧ ಕಡಿಮೆ ಇದ್ದರೆ ಸೆನ್ಸರಿಗೂ ಉಂಗುರಕ್ಕೂ ನಡುವೆ ಅಂತರ ಹೆಚ್ಚಾಗಿದೆ. ಅಲ್ಲಿರಬೇಕಾದ ಅಂತರ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಅಷ್ಟೆ, ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕಿನ ಒಂದು ಪದರ ಬೆಳೆದರೂ ಅದು ಕೆಡುತ್ತದೆ. 

ಪ್ಯಾಸಿವ್ ಸೆನ್ಸರ್‌ನಲ್ಲಿ ಇನ್ನೆರಡು ನೋಡಿಕೊಳ್ಳಿ. ಕನೆಕ್ಟರ್ ಬಿಚ್ಚಿದಾಗ ಸೆನ್ಸರಿನ ಯಾವ ಪಿನ್‌ಗೂ ಬಾಡಿಗೂ ನಡುವೆ ಓಎಲ್ ಬರಬೇಕು, ಓಂ ಬಂದರೆ ಒಳಗೆ ಅರ್ತ್ ಆಗಿದೆ. ಮತ್ತೆ, ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ಇದ್ದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಅಳೆಯಿರಿ. ತಾಮ್ರದ ಗುಣವೇ ಹಾಗೆ, 20 ಡಿಗ್ರಿಯಲ್ಲಿ 1000 ಓಂ ಇದ್ದದ್ದು 80 ಡಿಗ್ರಿಗೆ 1,230ರ ಸುಮಾರು ಆಗುತ್ತದೆ, ಅದು ಸಹಜ. ಮೆಲ್ಲಗೆ ಏರುವ ಬದಲು ಒಮ್ಮೆಲೇ ಓಎಲ್‌ಗೆ ಹಾರಿದರೆ ಮಾತ್ರ ಕೆಟ್ಟಿದೆ.

ಮುಂಗಾಲಿ:

ತಂತಿಕೆಲಸ ಸರ್, ನೀವು ಹೇಳಿದ್ದನ್ನು ಅಕ್ಷರಶಃ ಮಾಡಿದೆ.

ವೋಲ್ಟೇಜ್: ಮೊದಲ ಸಲ 0.3 ಬಂತು, ಎದೆ ಧಸಕ್ಕೆಂದಿತು. ಆಮೇಲೆ ನೀವು ಬರೆದದ್ದು ನೆನಪಾಗಿ ಕೀ ಆಫ್ ಮಾಡಿ, ಪ್ರೋಬ್ ಮೊದಲೇ ಹಿಡಿದುಕೊಂಡು, ಮಗನಿಂದ ಕೀ ಆನ್ ಮಾಡಿಸಿದೆ. 11.9 ವೋಲ್ಟ್. ನಾಲ್ಕೈದು ಸೆಕೆಂಡ್ ಆದ ಮೇಲೆ ಬಿದ್ದುಹೋಯಿತು.

ಕರೆಂಟ್, ಬಲಗಡೆ: 7.0. ಗಾಲಿಯನ್ನು ಒಂದು ಬೆರಳಿನಷ್ಟು ಸರಿಸಿದೆ, 13.8. ಇನ್ನೊಂದು ಬೆರಳು, 7.0. ಎಷ್ಟು ಚೆನ್ನಾಗಿ ಕಾಣುತ್ತದೆ ಸರ್! ಮಗ ಪಕ್ಕದಲ್ಲಿ ಕೂತು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಣಿಸಿದ. ಒಂದು ಸುತ್ತಿಗೆ 48 ಸಲ ಹದಿನಾಲ್ಕರ ಹತ್ತಿರ ಬಂತು.

ಕರೆಂಟ್, ಎಡಗಡೆ: 6.9. ತಿರುಗಿಸಿದೆ, 6.9. ಮೂರು ಸುತ್ತು ಪೂರ್ತಿ ತಿರುಗಿಸಿದೆ, ಒಂದು ಸಲವೂ ಅಲುಗಲಿಲ್ಲ. 

ಹಾಗಾದರೆ ಹೊಸ ಸೆನ್ಸರಿನ ಐಸಿ ಕೆಟ್ಟಿದೆ ಅಂತಲೇ ಆಯಿತಲ್ಲವೇ?

ತಂತಿಕೆಲಸ:

ಇನ್ನೂ ಇಲ್ಲ. 6.9 ಹರಿಯುತ್ತಿದೆ ಅಂದರೆ ಐಸಿ ಎಚ್ಚರವಾಗಿದೆ, ವೈರ್ ಎರಡೂ ಕಡೆ ಸರಿಯಿದೆ. ಅದರ ಎದುರಿಗೆ ಬದಲಾಗುವಂಥದ್ದು ಏನೂ ಬರುತ್ತಿಲ್ಲವೋ, ಬಂದರೂ ಅದಕ್ಕೆ ಕಾಣುತ್ತಿಲ್ಲವೋ, ಅದಷ್ಟೇ ತಿಳಿಯಬೇಕು. 

ಒಂದು ಪುಟ್ಟ ಗುಂಡನೆಯ ಅಯಸ್ಕಾಂತ ಹುಡುಕಿ. ಹಾಳಾದ ಇಯರ್‌ಫೋನ್ ಒಡೆದರೆ ಸಿಗುತ್ತದೆ. ಸೆನ್ಸರನ್ನು ಅದರ ತೂತಿನಿಂದ ಹೊರಗೆ ತೆಗೆದು, ಮೀಟರ್ ಜೋಡಿಸಿದ ಹಾಗೇ ಇರಲಿ, ಕೀ ಆನ್ ಮಾಡಿ ಸೆನ್ಸರಿನ ತುದಿಗೆ ಅಯಸ್ಕಾಂತದ ಒಂದು ಮುಖ ತೋರಿಸಿ, ತಿರುವಿ ಇನ್ನೊಂದು ಮುಖ ತೋರಿಸಿ. ಸೆನ್ಸರ್ ಚೆನ್ನಾಗಿದ್ದರೆ ರೀಡಿಂಗ್ ಹಾರಲೇಬೇಕು.

ಅದರ ಜೊತೆಗೆ ಒಂದು ಪ್ರಶ್ನೆ, ಯೋಚಿಸಿ ಹೇಳಿ: ದೀಪ ಮೊದಲ ಸಲ ಹತ್ತುವ ಮುಂಚೆ ಆ ಎಡ ಗಾಲಿಯಲ್ಲಿ ಯಾರಾದರೂ ಏನಾದರೂ ಕೆಲಸ ಮಾಡಿದ್ದರೇ? ಪ್ಯಾಡ್, ಡಿಸ್ಕ್, ಶಾಫ್ಟ್, ಬೇರಿಂಗ್?

ಮುಂಗಾಲಿ:

ಸರ್, ಅಯಸ್ಕಾಂತ ತೋರಿಸಿದ ಕೂಡಲೇ 13.8. ತಿರುವಿದರೆ 6.9. ಹತ್ತು ಸಲ ಮಾಡಿದೆ, ಹತ್ತು ಸಲವೂ ಸರಿಯಾಗಿ ಬಂತು. ಸೆನ್ಸರ್ ಬದುಕಿದೆ!

ಕೆಲಸದ ವಿಷಯ: ಹೌದು. ಎಡ ಮುಂದಿನ ಬೇರಿಂಗ್ ಗುಂಯ್ ಅಂತ ಸದ್ದು ಮಾಡುತ್ತಿತ್ತು, ಒಂದು ವರ್ಕ್‌ಶಾಪ್‌ನಲ್ಲಿ ಹೊಸದು ಹಾಕಿಸಿದೆ. ಅದು ದೀಪ ಹತ್ತುವ ಹಿಂದಿನ ಸಂಜೆ. ಸದ್ದು ಪೂರ್ತಿ ಹೋಗಿತ್ತು, ಗಾಲಿ ನುಣುಪಾಗಿ ತಿರುಗುತ್ತದೆ. ಬೇರಿಂಗಿಗೂ ಎಬಿಎಸ್‌ಗೂ ಸಂಬಂಧ ಇರುತ್ತದೆಂದು ಗೊತ್ತಿಲ್ಲದೆ ಮೊದಲು ಬರೆಯಲಿಲ್ಲ.

ತಂತಿಕೆಲಸ:

ಅಲ್ಲಿದೆ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬೇರಿಂಗಿನ ತಪ್ಪಿಗೆ ನಿಮ್ಮ ಹಳೆಯ ಸೆನ್ಸರ್ ಡ್ರಿಲ್ಲಿಗೆ ಸಿಕ್ಕಿಕೊಂಡಿತು.

ನಿಮ್ಮ ಗಾಡಿಯಲ್ಲಿ ಹಲ್ಲಿನ ಉಂಗುರ ಬೇರೆಯಾಗಿ ಇಲ್ಲ. ಬೇರಿಂಗಿನ ಒಂದು ಬದಿಯ ಸೀಲ್ ಇದೆಯಲ್ಲ, ಅದೇ ಉಂಗುರ. ರಬ್ಬರಿನಲ್ಲಿ ಅಯಸ್ಕಾಂತದ ಪುಡಿ ಬೆರೆಸಿ, ಸುತ್ತಲೂ ಉತ್ತರ ದಕ್ಷಿಣ ಉತ್ತರ ದಕ್ಷಿಣ ಎಂದು ಧ್ರುವ ಬರೆದಿರುತ್ತಾರೆ. ಕಣ್ಣಿಗೆ ಏನೂ ಕಾಣದು, ಎರಡೂ ಬದಿಯ ಸೀಲ್ ಅಣ್ಣತಮ್ಮಂದಿರ ಹಾಗೆ ಇರುತ್ತವೆ. ತಿರುಗಾಮುರುಗಾ ಪ್ರೆಸ್ ಮಾಡಿದರೂ ಬೇರಿಂಗ್ ಬೇರಿಂಗಾಗಿ ಚೆನ್ನಾಗಿಯೇ ತಿರುಗುತ್ತದೆ, ಸದ್ದು ಬರುವುದಿಲ್ಲ. ಸೆನ್ಸರಿನ ಎದುರಿಗೆ ಮಾತ್ರ ಬೋಳು ಸೀಲ್ ತಿರುಗುತ್ತಿರುತ್ತದೆ.

ಬಿಚ್ಚುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ಒಂದು ಸ್ಟೇಪ್ಲರ್ ಪಿನ್ನನ್ನು ಹೊಲಿಗೆ ದಾರದ ತುದಿಗೆ ಭದ್ರವಾಗಿ ಕಟ್ಟಿ, ಎರಡು ಗಂಟು ಹಾಕಿ. ಸೆನ್ಸರ್ ತೆಗೆದ ತೂತಿನಲ್ಲಿ ಮೆಲ್ಲಗೆ ಇಳಿಬಿಟ್ಟು ಸೀಲಿಗೆ ತಾಗಿಸಿ, ದಾರವನ್ನು ಹಗುರವಾಗಿ ಎಳೆಯಿರಿ. ಅಯಸ್ಕಾಂತದ ಸೀಲ್ ಆಗಿದ್ದರೆ ಪಿನ್ ಅಂಟಿಕೊಂಡು ಬಿಡಲು ತಕರಾರು ಮಾಡುತ್ತದೆ. ಮೊದಲು ಬಲಗಡೆ ಮಾಡಿ, ಆ ಎಳೆತ ಬೆರಳಿಗೆ ಗುರುತಾಗಲಿ. ಆಮೇಲೆ ಎಡ.

ಬೇರಿಂಗ್‌ಪ್ರೆಸ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಇದು ನನ್ನ ದಿನನಿತ್ಯದ ಕೆಲಸ. ತಿರುಗಾಮುರುಗಾ ಆಗಿರುವುದು ಹೌದೆಂದಾದರೆ ಅದೇ ಬೇರಿಂಗನ್ನು ತೆಗೆದು ತಿರುವಿ ಹಾಕಲು ಒಪ್ಪಬೇಡಿ. ಹಬ್ (ಗಾಲಿ ಕೂರುವ ಭಾಗ) ಹೊರಗೆ ಒತ್ತುವಾಗ ಒತ್ತಡವೆಲ್ಲ ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ಹೊರಗೆ ಬರುವ ಹೊತ್ತಿಗೆ ಅದರ ಆಯಸ್ಸು ಮುಗಿದಿರುತ್ತದೆ. ಹೊಸದೇ ಬೇಕು.

ಹೊಸ ಬೇರಿಂಗ್ ಕವರಿನಿಂದ ತೆಗೆದ ಕೂಡಲೇ ಅದೇ ಸ್ಟೇಪ್ಲರ್ ಪಿನ್ ಎರಡೂ ಬದಿಗೆ ಹಿಡಿದು, ಅಂಟುವ ಬದಿಗೆ ಪೆನ್ನಿನಲ್ಲಿ ಗುರುತು ಮಾಡಿ. ಆ ಬದಿ ಸೆನ್ಸರಿನ ಕಡೆಗೆ. ಅಯಸ್ಕಾಂತದ ಟ್ರೇಯಲ್ಲಿ ಬೇರಿಂಗ್ ಇಡಬೇಡಿ, ಧ್ರುವಗಳು ಕೆಟ್ಟುಹೋಗುತ್ತವೆ. ಗ್ರೈಂಡರ್ ಓಡುವ ಮೇಜಿನ ಮೇಲೂ ಬೇಡ, ಕಬ್ಬಿಣದ ಪುಡಿಯೆಲ್ಲ ಸೀಲಿಗೆ ಗಡ್ಡದ ಹಾಗೆ ಹಿಡಿದುಕೊಳ್ಳುತ್ತದೆ.

ಸ್ಪ್ಯಾನರ್ 10:

ತಂತಿಕೆಲಸ ಸರ್, ನನ್ನ ಬಲ ಮುಂದಿನ ಉಂಗುರ ಸೀಳಿದೆ! ಟಾರ್ಚಿನಲ್ಲಿ ಮೊದಲ ಸುತ್ತಿಗೆ ಕಾಣಲಿಲ್ಲ. ಬ್ರಷ್ ಹಾಕಿ ತುಕ್ಕು ಕೆರೆದ ಮೇಲೆ ಎರಡು ಹಲ್ಲಿನ ನಡುವೆ ಉಗುರು ಹೋಗುವಷ್ಟು ಬಾಯಿಬಿಟ್ಟಿದೆ. ಉಂಗುರ ಮಾತ್ರ ಬೇರೆಯಾಗಿ ಸಿಗುತ್ತದೆ ಅಂತ ಗೊತ್ತಾಯಿತು, ತರಿಸಿದ್ದೇನೆ. ಇನ್ನೊಂದು ಸಣ್ಣ ಅನುಮಾನ: ಬ್ರೇಕ್ ಪ್ಯಾಡ್ ಸವೆತದ ಸೆನ್ಸರ್, ಬ್ರೇಕ್ ಆಯಿಲ್ ಡಬ್ಬಿಯ ಸೆನ್ಸರ್, ಇವಕ್ಕೂ ಹೀಗೇ ಕರೆಂಟ್ ಅಳೆಯಬೇಕೇ?

ತಂತಿಕೆಲಸ:

ಬೇಡ, ಅವು ಸರಳ. ಪ್ಯಾಡ್ ಸವೆತದ ಸೆನ್ಸರ್ ಹೆಚ್ಚಿನ ಗಾಡಿಗಳಲ್ಲಿ ಪ್ಯಾಡಿನೊಳಗೆ ಹೂತಿಟ್ಟ ಒಂದು ವೈರಿನ ಕುಣಿಕೆ ಅಷ್ಟೆ. ಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು ಹಿಡಿದಾಗ ಬೀಪ್ ಬಂದರೆ ಚೆನ್ನಾಗಿದೆ, ಡಿಸ್ಕಿಗೆ ತಾಗಿ ಸವೆದು ತುಂಡಾದರೆ ಓಎಲ್. ಆಯಿಲ್ ಡಬ್ಬಿಯಲ್ಲಿ ತೇಲುವ ಅಯಸ್ಕಾಂತ, ಕೆಳಗೆ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಬದಲಾಗುವ ಸ್ವಿಚ್). ಕನೆಕ್ಟರ್ ಬಿಚ್ಚಿ ಬೀಪ್ ಮೋಡ್‌ನಲ್ಲಿಟ್ಟು, ಶುಭ್ರವಾದ ಕಡ್ಡಿಯಿಂದ ತೇಲುವುದನ್ನು ಕೆಳಗೆ ಒತ್ತಿದರೆ ರೀಡಿಂಗ್ ಬದಲಾಗಬೇಕು. ಆ ದೀಪ ಹತ್ತಿದರೆ ಸುಮ್ಮನೆ ಆಯಿಲ್ ತುಂಬಬೇಡಿ. ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಮೊದಲು ಪ್ಯಾಡ್ ನೋಡಿ.

ಬೀಪಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ಮುಂದೆ ಯಾರಾದರೂ ಇದನ್ನು ಓದುವವರಿಗೆ ಬೇಕಾಗಬಹುದು. ವೈರ್ ಸರಿಯಿದೆಯೇ ಅಂತ ನೋಡಲು ಬೀಪ್ ಒಂದನ್ನೇ ನಂಬಬೇಡಿ. ಒಂದು ಗಾಡಿ ನನ್ನ ಹತ್ತಿರ ಎರಡು ಸೆನ್ಸರ್ ಬದಲಾಯಿಸಿಕೊಂಡು ಬಂದಿತ್ತು. ವೈರ್ ಬೀಪ್ ಹೊಡೆಯುತ್ತಿತ್ತು, 0.2 ಓಂ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಮಾತ್ರ ರೀಡಿಂಗ್ ಮಿಂಚಿ ಮಾಯವಾಗುತ್ತಿತ್ತು. ಸಸ್ಪೆನ್ಷನ್ ಪಕ್ಕದಲ್ಲಿ ವೈರ್ ಬಾಗುವ ಜಾಗ ಮುಟ್ಟಿ ನೋಡಿದರೆ ಅಲ್ಲೊಂದು ಕಡೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಹೊರಗಿನ ಸಿಪ್ಪೆ ಹೊಳಪಾಗಿ ಹೊಸದರಂತೆ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು, ಎರಡೇ ಎರಡು ಎಳೆ ಉಳಿದು ಕೊಂಡಿಯಾಗಿದ್ದವು. ಮೀಟರಿಗೆ ಆ ಎರಡು ಎಳೆ ಸಾಕು, ಬೀಪ್ ಹೊಡೆಯುತ್ತದೆ. ಆದ್ದರಿಂದ ಮೀಟರ್ ಜೋಡಿಸಿಟ್ಟು ವೈರನ್ನು ಉದ್ದಕ್ಕೂ ಬಾಗಿಸಿ, ಎಳೆದು, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಬೇಕು. ಅದಕ್ಕೂ ಸಿಗದಿದ್ದರೆ, ಎಬಿಎಸ್ ಯೂನಿಟ್ಟಿನ ಕನೆಕ್ಟರನ್ನೂ ಸೆನ್ಸರಿನದನ್ನೂ ಬಿಚ್ಚಿ, ಆ ವೈರಿನ ಮೂಲಕ ಬ್ಯಾಟರಿಯಿಂದ 5 ವ್ಯಾಟ್ ಬಲ್ಬ್ ಒಂದನ್ನು ಉರಿಸಿ ನೋಡುತ್ತೇನೆ. ಎಳೆ ತೀರಾ ಕೊಳೆತ ವೈರಿನಲ್ಲಿ ಬಲ್ಬ್ ಮಂಕಾಗಬಹುದು. ಯೂನಿಟ್ ಜೋಡಿಸಿಟ್ಟುಕೊಂಡು ಮಾತ್ರ ಇದನ್ನು ಎಂದೂ ಮಾಡಬೇಡಿ, ಯೂನಿಟ್ ಸುಟ್ಟೀತು.

ಮುಂಗಾಲಿ:

ನಾಲ್ಕು ದಿನ ಬರೆಯಲಾಗಲಿಲ್ಲ, ಈಗ ಪೂರ್ತಿ ಹೇಳುತ್ತೇನೆ.

ದಾರದ ಪರೀಕ್ಷೆ: ಬಲಗಡೆ ಪಿನ್ ಟಕ್ ಅಂತ ಅಂಟಿತು, ಎಳೆದರೆ ದಾರ ಬಿಗಿಯಾಗಿ ಆಮೇಲೆ ಬಿಟ್ಟಿತು. ಎಡಗಡೆ ಪಿನ್ ಸುಮ್ಮನೆ ತಾಗಿ ಸುಮ್ಮನೆ ಬಂತು. ಆರು ಸಲ ಮಾಡಿದೆ. ವರ್ಕ್‌ಶಾಪ್‌ಗೆ ಹೋಗಿ ಅವರ ಎದುರಿಗೇ ಎರಡೂ ಕಡೆ ಮಾಡಿ ತೋರಿಸಿದೆ. ಅವರು ವಾದ ಮಾಡಲಿಲ್ಲ, ಪಿನ್ ತಾವೂ ಒಮ್ಮೆ ಇಳಿಬಿಟ್ಟು ನೋಡಿ ಒಪ್ಪಿಕೊಂಡರು. ಬೇರಿಂಗ್ ಹೊರಗೆ ಬಂದಾಗ ನಾನು ಅಲ್ಲೇ ನಿಂತಿದ್ದೆ. ಅಯಸ್ಕಾಂತದ ಬದಿ ಹೊರಮುಖವಾಗಿ ಕೂತಿತ್ತು.

ಹೊಸ ಬೇರಿಂಗಿನ ಗುರುತು ನಾನೇ ಹಾಕಿಕೊಟ್ಟೆ. ಹಾಕಿದ ಮೇಲೆ ಟೈರ್ ಕೂರಿಸುವ ಮುಂಚೆ ಮೀಟರ್ ಜೋಡಿಸಿ ಹಬ್ ತಿರುಗಿಸಿದೆವು. 6.9, 13.8, 6.9, 13.8. ಪ್ರೆಸ್ ಮಾಡಿದ ಹುಡುಗ ಅಂಕಿ ನೋಡುತ್ತಾ ತಾನೇ ಇನ್ನೆರಡು ಸುತ್ತು ತಿರುಗಿಸಿದ. ಕೋಡ್ ಅಳಿಸಿ ಹೊರಟೆ, ಇಪ್ಪತ್ತು ಹೆಜ್ಜೆ ದಾಟಿತು, ಐವತ್ತು ಕಿಲೋಮೀಟರ್ ವೇಗ ದಾಟಿತು, ದೀಪ ಹತ್ತಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಜಲ್ಲಿಕಲ್ಲು ಹರಡಿದ ದಾರಿಯಲ್ಲಿ ಒಮ್ಮೆ ಪೂರ್ತಿ ಬ್ರೇಕ್ ತುಳಿದೆ. ಪೆಡಲ್ ಕಾಲಡಿ ಗರಗರ ಅಂದಿತು, ಗಾಡಿ ನೇರವಾಗಿ ನಿಂತಿತು.

ನಿಮ್ಮೆಲ್ಲರ ಉಪಕಾರ ದೊಡ್ಡದು.

ತಂತಿಕೆಲಸ:

ಓದಿ ತುಂಬ ಸಂತೋಷವಾಯಿತು. ಒಂದೇ ಒಂದು ಉಳಿದಿದೆ: ಹೋಲಿಸಿ ನೋಡಲು ಬಲಗಡೆಯ ಕನೆಕ್ಟರನ್ನೂ ಎರಡು ಮೂರು ಸಲ ಬಿಚ್ಚಿದ್ದೀರಿ. ಅದರ ರಬ್ಬರ್ ಸೀಲ್ ಮಡಚದೆ ಕೂತಿದೆಯೇ, ಕ್ಲಿಪ್ ಟಕ್ ಅಂತ ಲಾಕ್ ಆಗಿದೆಯೇ ಒಮ್ಮೆ ನೋಡಿಬಿಡಿ.

ಮುಂಗಾಲಿ:

ನೋಡಿದೆ ಸರ್. ಲಾಕ್ ಪೂರ್ತಿ ಕೂತಿರಲಿಲ್ಲ, ಈಗ ಒತ್ತಿದೆ, ಟಕ್ ಅಂದಿತು.